ಸ್ಟೇರಿಂಗ್ ಜಡವಾದರೆ ಬಾಯಿ ಬಿಡಿರಿ

(ಚಾಟಣಿಯ ಹಂಗಾಮಿಗೆ ಮುಂಚೆ ಶೇಗಾಂವದಲ್ಲಿ ಕೂಡಿದ ತೋಟದ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಉಪದೇಶಿಯಾದವನು ಮಾತಿಗೆ ನಿಂತರೆ ಸತ್ಯವೇದದ ಒಂದು ವಚನದಿಂದ ಸುರು ಮಾಡುವುದು ವಾಡಿಕೆ. ಇವತ್ತು ನಾನು ಒಂದು ಹಳೆಯ ಜೀಪಿನಿಂದ ಸುರು ಮಾಡುತ್ತೇನೆ. ವಚನ ಆಮೇಲೆ ತಾನಾಗಿ ಬರುತ್ತದೆ.

ನಮ್ಮ ಜತ್ತ ತಾಲೂಕಿನಲ್ಲಿ ಮಳೆ ಕಡಿಮೆ, ಕಲ್ಲುನೆಲ ಹೆಚ್ಚು. ಹೊಲ ಕೈಕೊಟ್ಟಾಗ ಹೊಟ್ಟೆ ಹೊರಗೆ ಹೋಗೆನ್ನುತ್ತದೆ. ಅಕ್ಟೋಬರ್ ಚಾಟಣಿಗೆ ತಾಸಗಾಂವ, ಕವಠೆ ಮಹಾಂಕಾಳದ ದ್ರಾಕ್ಷಿ ತೋಟಗಳಿಗೆ ಹೋಗುತ್ತೇವೆ. ಸಾಂಗೋಲೆಯ ಕಡೆ ದಾಳಿಂಬೆ ತೋಟಕ್ಕೆ ಹೋಗುತ್ತೇವೆ. ಕಬ್ಬು ಕಡಿಯಲಿಕ್ಕೆ ಕೊಲ್ಹಾಪುರದ ಕಡೆ ಹೋಗುವವರೂ ಇದ್ದೀರಿ. ಹೀಗೆ ಹೋಗುವಾಗೆಲ್ಲ ನಮ್ಮನ್ನು ಒಯ್ಯುವುದು ಯಾರದೋ ಹಳೆಯ ಗಾಡಿ. ಆ ಗಾಡಿಯ ಎಣ್ಣೆ, ಗ್ರೀಸು, ಗಾಳಿ ನಮ್ಮ ಕೈಯಲ್ಲಿ ಇಲ್ಲ. ಆದರೆ ಅದರಲ್ಲಿ ಕೂತಿರುವ ಜೀವ ನಮ್ಮದು.

ಕೆಲವು ವರ್ಷಗಳ ಹಿಂದೆ ಚಾಟಣಿಯ ಕೆಲಸಕ್ಕೆ ಹೊರಟ ಒಂದು ಜೀಪಿನಲ್ಲಿ ನಾನೂ ಇದ್ದೆ. ಇನ್ನೂ ನಸುಕು. ಗಾಡಿ ನಡೆಸುವ ಹುಡುಗ ಮಾಲಕನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಮಾಲಕರ, ಸ್ಟೇರಿಂಗ್ ಭಾಳ ಜಡ ಆಗೈತ್ರಿ. ತಿರುವಿದ್ದು ತಿರುಗಿ ಬರೂದಿಲ್ಲ.” ಮಾಲಕ ನಕ್ಕುಬಿಟ್ಟ. “ತೋಳಾಗ ಬಲ ಇಲ್ಲೇನಲೇ? ರಾತ್ರಿ ಉಂಡಿಲ್ಲೇನು?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪ್ರಯಾಣದ ಪ್ರಾರ್ಥನೆ ಮಾಡೆಂದರು. ತಲೆ ಬಾಗಿಸಿ ಪ್ರಾರ್ಥನೆ ಮಾಡಿದೆ. ಹುಡುಗ ಹೇಳಿದ ಮಾತನ್ನು ನಾನು ಎತ್ತಲಿಲ್ಲ.

ಒಂದು ತಾಸು ಕಳೆದ ಮೇಲೆ ಹಳ್ಳದ ಹತ್ತಿರದ ತಿರುವಿನಲ್ಲಿ ಹುಡುಗ ಎರಡೂ ಕೈಯಿಂದ ಎಳೆದ. ಗಾಡಿ ತಿರುಗಿತು, ಆದರೆ ತಿರುಗಿದ್ದು ನೇರಕ್ಕೆ ಬರಲಿಲ್ಲ. ಹಾಗೆಯೇ ದಾರಿ ಬಿಟ್ಟು ತಗ್ಗಿಗೆ ಇಳಿಯಿತು. ದೇವರ ದಯೆಯಿಂದ ಯಾರೂ ಸಾಯಲಿಲ್ಲ. ಆದರೆ ನಮ್ಮ ಸಭೆಯ ಒಬ್ಬ ಅಕ್ಕನ ಬಲಗೈ ಮೊಣಕೈಯ ಹತ್ತಿರ ಮುರಿಯಿತು. ಚಾಟಣಿಯ ಕತ್ತರಿ ಹಿಡಿಯುವ ಕೈ ಅದು. ಆ ಹಂಗಾಮು ಪೂರ್ತಿ ಅವಳ ಮನೆಗೆ ಕೂಲಿ ಬರಲಿಲ್ಲ. ಮುಂಗಡ ಮಾತ್ರ ತಲೆಯ ಮೇಲೆ ಉಳಿಯಿತು. ತಪ್ಪು ಹುಡುಗನ ತಲೆಗೆ ಕಟ್ಟಿದರು. ಸಂಘದವರಾಗಿ ನಾವು ಕೇಳಲಿಕ್ಕೆ ಹೋದಾಗ ಮಾಲಕ ಅಂದದ್ದು ಒಂದೇ ಮಾತು: “ಗಾಡಿ ಕೆಟ್ಟಿದೆಯೆಂದು ನನಗೆ ಯಾರು ಹೇಳಿದ್ದರು? ಎಲ್ಲಿದೆ ಕಾಗದ?” ಕಾಗದ ಇರಲಿಲ್ಲ. ಕೇಳಿದ್ದ ನಾವು ಹನ್ನೆರಡು ಜನ ಇದ್ದೆವು. ಬರೆದಿಟ್ಟವನು ಒಬ್ಬನೂ ಇರಲಿಲ್ಲ.

ಆ ಜೀಪನ್ನು ಗ್ಯಾರೇಜಿನಲ್ಲಿ ಬಿಚ್ಚಿದ ದಿನ ನಾನು ಮಿಸ್ತ್ರಿಯ ಪಕ್ಕದಲ್ಲಿ ದೀಪ ಹಿಡಿದು ಕೂತಿದ್ದೆ. ಮುಂದಿನ ಗಾಲಿ ತಿರುಗುವ ಕಿಂಗ್ ಪಿನ್ ಒಣಗಿ ಕೆಂಪು ತುಕ್ಕು ಹಿಡಿದಿತ್ತು. ಗ್ರೀಸ್ ಹಾಕುವ ನಿಪ್ಪಲಿನ ಬಾಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಗ್ರೀಸ್ ಗನ್ನಿನಿಂದ ಹತ್ತು ಸಲ ಒತ್ತಿದ್ದರೆ ಆಗುತ್ತಿದ್ದ ಕೆಲಸವನ್ನು ಒಬ್ಬ ಹೆಂಗಸು ತನ್ನ ಕೈಯಿಂದ ತೀರಿಸಿದಳು. ಅಂದಿನಿಂದ ನಾನು ಕೇಳಿ, ನೋಡಿ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ನಾನು ಮಿಸ್ತ್ರಿ ಅಲ್ಲ. ಆದರೆ ಎತ್ತು ಕುಂಟುವುದನ್ನು ನೋಡಲಿಕ್ಕೆ ಎಲ್ಲರೂ ದನದ ಡಾಕ್ಟರ್ ಆಗಬೇಕಾಗಿಲ್ಲ.

ಮೊದಲನೆಯದು, ಗುರುತು. ಗಾಡಿ ನಡೆಸಲು ಬಾರದವರಿಗೂ ಇದು ಕಾಣುತ್ತದೆ. ಡ್ರೈವರ್ ನಿಧಾನದ ತಿರುವಿನಲ್ಲಿಯೂ ಭುಜ ಎತ್ತಿ ಎಳೆಯುತ್ತಾನೋ? ತಿರುವು ಮುಗಿದ ಮೇಲೆ ಸ್ಟೇರಿಂಗ್ ಚಕ್ರ ತಾನಾಗಿ ನೇರಕ್ಕೆ ಬರುತ್ತದೋ, ಇಲ್ಲ ಅವನೇ ತಿರುಗಿಸಿ ತರಬೇಕೋ? ತಿರುಗಿಸುವಾಗ ಮುಂದಿನಿಂದ ಕಿರ್ ಎಂದು ಸಪ್ಪಳ ಬರುತ್ತದೋ? ಮುಂದಿನ ಟಾಯರು ಒಂದೇ ಅಂಚಿನಲ್ಲಿ ಸವೆದಿದೆಯೋ? ಮಕ್ಕಳು ಕೂಡ ಇದನ್ನು ನೋಡಿ ಹೇಳಬಲ್ಲರು. ಡ್ರೈವರನ್ನು ಇನ್ನೂ ಮೂರು ಸಂಗತಿ ಕೇಳಿರಿ: ಗಾಡಿ ನಿಂತಾಗ ಮಾತ್ರ ಜಡವೋ, ಓಡುವಾಗಲೂ ಜಡವೋ? ಎರಡೂ ಕಡೆಗೆ ಜಡವೋ, ಒಂದೇ ಕಡೆಗೋ? ಇದ್ದಕ್ಕಿದ್ದಂತೆ ಆದದ್ದೋ, ದಿನದಿನಕ್ಕೆ ಹೆಚ್ಚಿದ್ದೋ? ಈ ಮೂರಕ್ಕೆ ಉತ್ತರ ಸಿಕ್ಕರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿಯಿತು.

ಹಳೆಯ ಗಾಡಿ ಎಂದ ಮೇಲೆ ನಿಂತಲ್ಲೇ ತಿರುವಿದರೆ ಸ್ವಲ್ಪ ಜಡ ಇರುವುದು ಸಹಜ. 2014ರಲ್ಲಿ ತಯಾರಿ ನಿಂತುಹೋದ ಅಂಬಾಸಿಡರ್ ಆಗಲಿ, ಅದೇ ವರ್ಷ ನಿಂತ ಮಾರುತಿ 800 ಆಗಲಿ, ಹಳೆಯ ಜೀಪುಗಳಾಗಲಿ ಹೆಚ್ಚಾಗಿ ತೋಳಿನ ಬಲದಿಂದಲೇ ತಿರುಗುವಂಥವು. ನಾವು ನೋಡಬೇಕಾದದ್ದು ವ್ಯತ್ಯಾಸವನ್ನು. ಹೋದ ತಿಂಗಳು ಹೇಗಿತ್ತು, ಈ ತಿಂಗಳು ಹೇಗಿದೆ ಎಂಬುದನ್ನು.

ಎರಡನೆಯದು, ಖರ್ಚಿಲ್ಲದ ಪರೀಕ್ಷೆ. ಮೊದಲು ಗಾಳಿ. ಮುಂದಿನ ಟಾಯರಿಗೆ 30 ಪೌಂಡು ಬೇಕಾದಲ್ಲಿ 18 ಇದ್ದರೆ ಟಾಯರು ನೆಲಕ್ಕೆ ಅಗಲವಾಗಿ ಒರಗುತ್ತದೆ, ಸ್ಟೇರಿಂಗ್ ಜಡವಾಗುತ್ತದೆ. ಬರೀ ಕಣ್ಣಿನಿಂದ ನೋಡಿದರೆ ಇದು ಗೊತ್ತಾಗಲಿಕ್ಕಿಲ್ಲ. ಓಡಿ ಬಿಸಿಯಾದ ಟಾಯರು ಹೆಚ್ಚು ಗಾಳಿ ತೋರಿಸುತ್ತದೆ, ಆದಕಾರಣ ಬೆಳಿಗ್ಗೆ ತಣ್ಣಗಿರುವಾಗ ಪಂಕ್ಚರ್ ಅಂಗಡಿಯ ಮೀಟರಿನಿಂದ ಅಳೆಸಿರಿ. ಗಾಡಿಗೆ ಹೇಳಿದ ಅಳತೆಗಿಂತ ಅಗಲದ ಟಾಯರು ಹಾಕಿಸಿದ್ದಾರೋ ನೋಡಿರಿ. ಚಂದಕ್ಕೆ ಹಾಕಿದ ಅಗಲ ಟಾಯರು ಡ್ರೈವರನ ತೋಳಿಗೆ ಭಾರ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಜನ ಹೆಚ್ಚು ತುಂಬಿದ್ದರಿಂದ ಸ್ಟೇರಿಂಗ್ ಜಡವಾಯಿತು ಎನ್ನುತ್ತಾರೆ. ಮುಂದೆ ಭಾರ ಬಿದ್ದರೆ ಅದು ನಿಜ. ಹಿಂದೆ ಹೇರಿದರೆ ಮುಂದಿನ ಗಾಲಿಯ ಮೇಲಿನ ಭಾರ ಕಡಿಮೆಯಾಗಿ ಸ್ಟೇರಿಂಗ್ ಹಗುರಾಗುತ್ತದೆ, ಗಾಲಿಗೆ ನೆಲದ ಹಿಡಿತ ಸಿಕ್ಕುವುದಿಲ್ಲ. ಮಂದಿ ತುಂಬಿದ ಮೇಲೆ ಹಗುರಾಯಿತೆಂದು ಡ್ರೈವರ್ ಸಂತೋಷ ಪಟ್ಟರೆ ನೀವು ಇನ್ನೂ ಹೆಚ್ಚು ಹೆದರಬೇಕು.

ಮೂರನೆಯದು, ಗಂಟನ್ನು ಅರ್ಧ ಅರ್ಧ ಮಾಡಿ ಬಿಡಿಸುವುದು. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡಬೇಕು. ಮುಂದಿನ ಎರಡೂ ಗಾಲಿಗಳನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಹೀಗೆ ತಲೆ ಹಾಕಿ ಸತ್ತವರಿದ್ದಾರೆ. ಈಗ ಸ್ಟೇರಿಂಗ್ ತಿರುವಿ ನೋಡಿರಿ.

ಎತ್ತಿದ ಮೇಲೂ ಬಿಗಿಯಾಗಿಯೇ ಇದ್ದರೆ ದೋಷ ಯಂತ್ರದ ಕೀಲುಗಳಲ್ಲಿದೆ. ಆಗ ಮಿಸ್ತ್ರಿ ಗಾಲಿಯ ಕಡೆಗೆ ಹೋಗುವ ರಾಡನ್ನು ಸ್ಟೇರಿಂಗ್ ಬಾಕ್ಸಿನ ತೋಳಿನಿಂದ ಬಿಚ್ಚುತ್ತಾನೆ. ಬಿಚ್ಚಿದ ಮೇಲೆ ಚಕ್ರ ಸಲೀಸಾಗಿ ತಿರುಗಿತೋ, ದೋಷ ಕೆಳಗೆ, ಗಾಲಿಯ ಬುಡದಲ್ಲಿದೆ: ಕಿಂಗ್ ಪಿನ್, ಬಾಲ್ ಜಾಯಿಂಟ್, ಟೈ ರಾಡಿನ ತುದಿ. ಬಿಚ್ಚಿದರೂ ಬಿಗಿಯೋ, ದೋಷ ಮೇಲೆ, ಬಾಕ್ಸಿನಲ್ಲಿ ಇಲ್ಲವೆ ಸ್ಟೇರಿಂಗ್ ಕಂಬದಲ್ಲಿದೆ. ಹೀಗೆ ಒಂದೊಂದು ಕೀಲು ಬಿಡಿಸುತ್ತ ಹೋದರೆ ಕಳ್ಳ ಸಿಕ್ಕೇ ಸಿಗುತ್ತಾನೆ. ಇದನ್ನು ಮಾಡದೆ “ಬಾಕ್ಸ್ ಹೋಗಿದೆ, ಹೊಸದು ಹಾಕಬೇಕು” ಎಂದು ಮೊದಲೇ ಹೇಳಿದರೆ ಒಪ್ಪಬೇಡಿರಿ. ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಎತ್ತಿದಾಗ ಹಗುರಾದರೆ ಟಾಯರು, ಗಾಳಿ, ಗಾಲಿಗಳ ಓರೆ ಇವುಗಳನ್ನು ಮೊದಲು ನೋಡಬೇಕು. ತಗ್ಗಿಗೆ ಬಿದ್ದು ಎದ್ದ ಗಾಡಿಯ ಅಚ್ಚು ಅಥವಾ ರಾಡು ಬಾಗಿರುವುದುಂಟು. ಅಲೈನ್‌ಮೆಂಟ್ ಮಾಡಿಸಿದರೆ ಅದು ತಿಳಿಯುತ್ತದೆ. ಆದರೂ ಕಿಂಗ್ ಪಿನ್ನನ್ನು ಪೂರ್ತಿ ಬಿಟ್ಟುಬಿಡಬಾರದು. ಅದರ ಬುಡದಲ್ಲಿ ಭಾರ ಹೊರುವ ಒಂದು ಬೇರಿಂಗ್ ಇರುತ್ತದೆ. ಅದು ಒಣಗಿದ್ದರೆ ಮೇಲೆ ತೂಕ ಬಿದ್ದಾಗ ಮಾತ್ರ ಬಿಗಿಯುತ್ತದೆ, ಎತ್ತಿದಾಗ ಏನೂ ಆಗಿಲ್ಲದವರಂತೆ ತಿರುಗುತ್ತದೆ. ಮಾರುತಿಯಂಥ ಸಣ್ಣ ಕಾರಿನಲ್ಲಿ ಮುಂದಿನ ಸ್ಟ್ರಟ್ಟಿನ ತಲೆಯ ಮೇಲಿರುವ ಬೇರಿಂಗಿನದೂ ಇದೇ ಕಥೆ.

ನಾಲ್ಕನೆಯದು, ಹೆಚ್ಚಾಗಿ ಕಾಣುವ ಕಾರಣಗಳು. ಎಲ್ಲಕ್ಕಿಂತ ಹೆಚ್ಚಿನದು ಗ್ರೀಸು ಇಲ್ಲದಿರುವುದು. ನಮ್ಮ ಅಜ್ಜಂದಿರು ಚಕ್ಕಡಿ ಹೂಡುವ ಮುಂಚೆ ಕೀಲೆಣ್ಣೆ ಹಾಕದೆ ಹೊರಡುತ್ತಿರಲಿಲ್ಲ. ನಾವು ಮೋಟಾರು ಬಂದ ಮೇಲೆ ಅದನ್ನು ಮರೆತೆವು. ಗ್ರೀಸ್ ಹಾಕಿಸುವಾಗ ಕಣ್ಣಿಟ್ಟು ನೋಡಿರಿ: ಹಳೆಯ ಕಪ್ಪು ಗ್ರೀಸು ಹೊರಗೆ ಬಂದು ಅದರ ಹಿಂದೆ ಹೊಸದು ಇಣುಕಬೇಕು. ಬರೀ ನಿಪ್ಪಲಿನ ಸುತ್ತ ಹಚ್ಚಿಕೊಂಡರೆ ಒಳಗೆ ಹೋಗಿಲ್ಲವೆಂದೇ ತಿಳಿಯಿರಿ. ಆ ನಿಪ್ಪಲನ್ನು ಬಿಚ್ಚಿ, ತೊಳೆದು, ಇಲ್ಲವೆ ಹೊಸದು ಹಾಕಿ, ಗಾಲಿ ಎತ್ತಿ ಮತ್ತೆ ಒತ್ತಿಸಬೇಕು. ನಿಪ್ಪಲ್ ಸಣ್ಣ ಸಾಮಾನು. ಅದಕ್ಕೆ ಯಾರೂ ಸಾಲ ಮಾಡಬೇಕಾಗಿಲ್ಲ.

ಎರಡನೆಯ ಕಾರಣ ಸ್ಟೇರಿಂಗ್ ಬಾಕ್ಸಿನಲ್ಲಿ ಎಣ್ಣೆ ಇಲ್ಲದಿರುವುದು. ಬಾಕ್ಸಿನ ಕೆಳಗೆ ಎಣ್ಣೆಯ ಜಿಡ್ಡು ಕಂಡರೆ ಸೀಲು ಸೋರುತ್ತಿದೆ. ಮೂರನೆಯದು ಮನುಷ್ಯರ ಕೈಕೆಲಸ. ಹಳೆಯ ಗಾಡಿಯ ಸ್ಟೇರಿಂಗ್ ಸಡಿಲಾಗಿ ಆಡುತ್ತದೆ ಎಂದು ದೂರಿದಾಗ ಕೆಲವರು ಸವೆದ ಕೀಲು ಬದಲಿಸದೆ ಬಾಕ್ಸಿನ ಮೇಲಿನ ಸ್ಕ್ರೂ ಬಿಗಿದು ಕಳಿಸುತ್ತಾರೆ. ಆಟ ಹೋಗುತ್ತದೆ, ಜಡ ಬರುತ್ತದೆ. ನೇರ ಓಡುವಾಗಲೇ ನಡುವಿನಲ್ಲಿ ಹಿಡಿದಂತಾದರೆ, ರಿಪೇರಿಯಾದ ಮರುದಿನದಿಂದಲೇ ಜಡವಾದರೆ, ಈ ಸ್ಕ್ರೂವಿನ ಮೇಲೆ ಸಂಶಯ ಇಡಿರಿ. ನಾಲ್ಕನೆಯದು, ಸ್ಟೇರಿಂಗ್ ಕಂಬದ ಕ್ರಾಸ್ ಜಾಯಿಂಟ್ ತುಕ್ಕು ಹಿಡಿಯುವುದು. ಆಗ ಚಕ್ರ ತಿರುವಿದಂತೆಲ್ಲ ಒಮ್ಮೆ ಬಿಗಿ, ಒಮ್ಮೆ ಹಗುರ, ಮತ್ತೆ ಬಿಗಿ ಎಂದು ಲೆಕ್ಕ ಹಾಕಿದಂತೆ ಬರುತ್ತದೆ.

ಈ ಪತ್ರಿಕೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕುಟುಂಬಗಳ ಕೈಗೂ ಹೋಗುತ್ತದೆ. ಅವರಿಗೆ ಎರಡು ಮಾತು. ಮಳೆಗಾಲದಲ್ಲಿ ಕೆಸರು ದಾಟಲಿಕ್ಕೆ ಜೀಪಿನ ನಾಲ್ಕೂ ಗಾಲಿಗೆ ಎಳೆತ ಕೊಡುತ್ತಾರೆ. ಅದನ್ನು ತೆಗೆಯದೆ ಡಾಂಬರು ರಸ್ತೆಗೆ ಬಂದರೆ ತಿರುವಿನಲ್ಲಿ ಸ್ಟೇರಿಂಗ್ ಕಟ್ಟಿದಂತಾಗುತ್ತದೆ. ಅದು ರೋಗವಲ್ಲ, ಮರೆವು. ಗೇರ್ ತೆಗೆದರೆ ಸರಿಹೋಗುತ್ತದೆ. ಎರಡನೆಯದು ಘಾಟಿಯ ಇಳಿಜಾರು. ಡೀಸೆಲ್ ಉಳಿಸಲಿಕ್ಕೆ ಇಂಜಿನ್ ಬಂದ್ ಮಾಡಿ ಇಳಿಸುವ ಚಟ ಕೆಲವರಿಗಿದೆ. ಪವರ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಇಂಜಿನ್ ನಿಂತ ಕೂಡಲೆ ಸ್ಟೇರಿಂಗ್ ಕಲ್ಲಿನಂತಾಗುತ್ತದೆ, ಬ್ರೇಕಿಗೂ ಬಲ ಉಳಿಯುವುದಿಲ್ಲ. ಚಾವಿಯನ್ನು ಪೂರ್ತಿ ಹಿಂದಕ್ಕೆ ತಿರುವಿ ಎಳೆದುಬಿಟ್ಟರೆ ಸ್ಟೇರಿಂಗ್ ಬೀಗವೇ ಬೀಳಬಹುದು. ಇಂಜಿನ್ ತಾನಾಗಿ ನಿಂತುಹೋದರೆ ಚಾವಿ ತೆಗೆಯದೆ, ಎರಡೂ ಕೈಯಿಂದ ಬಲವಾಗಿ ತಿರುವಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಒತ್ತಿ, ಗಾಡಿಯನ್ನು ಬದಿಗೆ ನಿಲ್ಲಿಸಬೇಕು. ಜಡವಾದರೂ ಸ್ಟೇರಿಂಗ್ ತಿರುಗುತ್ತದೆ, ಧೈರ್ಯ ಬಿಡಬಾರದು.

ಪವರ್ ಸ್ಟೇರಿಂಗಿನ ಹಳೆಯ ಗಾಡಿ ಜಡವಾದರೆ ಮೊದಲು ಅದರ ಎಣ್ಣೆಯ ಡಬ್ಬಿ, ಆಮೇಲೆ ಪಂಪು ತಿರುಗಿಸುವ ಬೆಲ್ಟು ನೋಡಿಸಿರಿ. ತಿರುಗಿಸುವಾಗ ಕೀಚಲು ಸಪ್ಪಳ ಬಂದರೆ ಹೆಚ್ಚಾಗಿ ಬೆಲ್ಟು ಸಡಿಲ. ಎಣ್ಣೆ ಕಡಿಮೆಯಾದರೆ ಮೇಲೆ ಹಾಕಿ ಸುಮ್ಮನಾಗಬೇಡಿರಿ, ಎಲ್ಲಿಂದಲೋ ಸೋರುತ್ತಿದೆ. ಕರೆಂಟಿನ ಮೋಟಾರಿನಿಂದ ನಡೆಯುವ ಸ್ಟೇರಿಂಗ್ ಇದ್ದರೆ ಬ್ಯಾಟರಿ, ಫ್ಯೂಜು ಮತ್ತು ಮುಂದೆ ಹತ್ತುವ ಎಚ್ಚರಿಕೆ ದೀಪ ನೋಡಬೇಕು.

ಈಗ ವಚನಕ್ಕೆ ಬರುತ್ತೇನೆ. ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಒಂದು ಕಟುವಾದ ಪ್ರಶ್ನೆ ಕೇಳುತ್ತಾನೆ. ಬಟ್ಟೆ ಇಲ್ಲದ, ಅಂದಿನ ಊಟ ಇಲ್ಲದ ಸಹೋದರನಿಗೆ ಏನೂ ಕೊಡದೆ ಸಮಾಧಾನದಿಂದ ಹೋಗೆಂದು ಹೇಳಿ ಕಳಿಸಿದರೆ ಏನು ಪ್ರಯೋಜನವೆಂದು. ಆ ನಸುಕಿನಲ್ಲಿ ನಾನು ಮಾಡಿದ್ದು ಅದನ್ನೇ. ಸಮಾಧಾನದಿಂದ ಹೋಗೋಣವೆಂದು ಪ್ರಾರ್ಥಿಸಿದೆ. ಗಾಲಿಯ ಕಡೆ ಬಗ್ಗಿ ನೋಡಲಿಲ್ಲ. ದೇವರು ಕಿವಿ ಕೊಟ್ಟದ್ದು ಹುಡುಗನ ಮಾತು ಕೇಳಲಿಕ್ಕೆ, ಬಾಯಿ ಕೊಟ್ಟದ್ದು ಅದನ್ನು ಎತ್ತಿ ಹೇಳಲಿಕ್ಕೆ. ಪ್ರಯಾಣದ ಪ್ರಾರ್ಥನೆ ಬಿಡಬೇಡಿರಿ. ಆದರೆ ಆಮೆನ್ ಅನ್ನುವ ಮುಂಚೆ ಟಾಯರು ನೋಡಿರಿ.

ಇನ್ನೊಂದು ವಚನ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿದೆ. ಹಾಯುವ ಎತ್ತಿನ ವಿಷಯ. ಎತ್ತು ಒಮ್ಮೆಲೆ ಹಾಯ್ದು ಮನುಷ್ಯನನ್ನು ಕೊಂದರೆ ಒಡೆಯನ ಮೇಲೆ ದೋಷ ಇಲ್ಲ. ಆದರೆ ಅದು ಹಾಯುವ ಎತ್ತೆಂದು ಒಡೆಯನಿಗೆ ಮೊದಲೇ ತಿಳಿಸಿದ್ದು, ಅವನು ಅದನ್ನು ಕಟ್ಟಿಹಾಕದಿದ್ದರೆ, ಒಡೆಯನೂ ಹೊಣೆಗಾರ. ಎರಡರ ನಡುವಿನ ವ್ಯತ್ಯಾಸ ಒಂದೇ: ಅವನಿಗೆ ತಿಳಿಸಲಾಗಿತ್ತು ಎಂಬುದು.

ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ಹೀಗೆ ಹೇಳುತ್ತದೆ: ಅಪಾಯ ತರುವ ದೋಷ ಗಾಡಿಯಲ್ಲಿದೆಯೆಂದು ಗೊತ್ತಿದ್ದೂ, ಇಲ್ಲವೆ ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುತ್ತಿದ್ದರೂ, ಅದನ್ನು ಸಾರ್ವಜನಿಕ ಜಾಗದಲ್ಲಿ ನಡೆಸಿದವನು, ನಡೆಸಗೊಟ್ಟವನು ಶಿಕ್ಷೆಗೆ ಒಳಗಾಗುತ್ತಾನೆ. 2019ರ ತಿದ್ದುಪಡಿಯ ಮೇಲೆ ದಂಡ 1,500 ರೂಪಾಯಿಯವರೆಗೆ. ಆ ದೋಷದಿಂದ ಅಪಘಾತವಾಗಿ ಮೈಗೆ ಗಾಯವಾದರೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಗಮನಿಸಿರಿ, ನಡೆಸಿದವನೂ ಇದರಲ್ಲಿ ಸಿಗುತ್ತಾನೆ. ಡ್ರೈವರ್ ತಮ್ಮಂದಿರೇ, ಮಾಲಕನ ಭಯಕ್ಕೆ ಜಡವಾದ ಸ್ಟೇರಿಂಗ್ ಹಿಡಿದರೆ ಮಾಲಕ ತಪ್ಪಿಸಿಕೊಂಡಾನು, ನೀವು ತಪ್ಪಿಸಿಕೊಳ್ಳಲಿಕ್ಕಿಲ್ಲ.

ಆದಕಾರಣ ನಾನು ಕೇಳುವುದು ಇಷ್ಟೇ. ಪ್ರತಿ ಗುಂಪಿನವರು ಒಂದು ಎರಡು ರೂಲಿನ ವಹಿ ಇಡಿರಿ. ದೋಷ ಕಂಡ ದಿನವೇ ತಾರೀಖು, ಗಾಡಿಯ ನಂಬರು, ಕಂಡ ಗುರುತು, ಯಾರಿಗೆ ಹೇಳಿದೆವು ಎಂಬುದನ್ನು ಬರೆಯಿರಿ. “ಗಾಡಿ ಸರಿ ಇಲ್ಲ” ಎಂದು ಬರೆದರೆ ಉಪಯೋಗವಿಲ್ಲ. “ತಿರುವಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಎಡಗಡೆಗೆ ಹೆಚ್ಚು ಬಿಗಿ, ಹತ್ತು ದಿನದಿಂದ” ಎಂದು ಬರೆಯಿರಿ. ನಾವು ಮನೆಯಲ್ಲಿ ಕನ್ನಡ ಆಡುವವರು. ಇಲ್ಲಿಯ ಮಾಲಕರು, ಮುಕಾದಮರು ಮರಾಠಿ ಓದುವವರು. ಆದ್ದರಿಂದ ಅವರಿಗೆ ಕೊಡುವ ಕಾಗದವನ್ನು ಮರಾಠಿಯಲ್ಲಿ ಬರೆಸಿ, ಒಂದು ಪ್ರತಿಯ ಮೇಲೆ ಅವರ ಸಹಿ ಪಡೆಯಿರಿ. ಸಹಿ ಹಾಕದಿದ್ದರೆ ಇಬ್ಬರು ಸಾಕ್ಷಿಗಳ ಹೆಸರು ಬರೆಯಿರಿ. ಶಾಲೆಗೆ ಹೋಗುವ ನಿಮ್ಮ ಮಕ್ಕಳು ಎರಡೂ ಭಾಷೆ ಬಲ್ಲರು, ಅವರಿಂದ ಬರೆಸಿರಿ. ಮಾಲಕನ ಸಂಗಡ ಜಗಳ ಬೇಡ. ಸಂಘ ಜಗಳಕ್ಕಾಗಿ ಇಲ್ಲ. ಒಬ್ಬನೇ ಹೇಳಿದರೆ ನಗುತ್ತಾರೆ, ಹನ್ನೆರಡು ಜನ ಕೆಳಗೆ ನಿಂತು “ಗ್ರೀಸ್ ಹಾಕಿಸಿಕೊಂಡು ಬರ್ರಿ, ನಾವು ಇಲ್ಲೇ ಇರ್ತೀವಿ” ಎಂದರೆ ನಗುವುದಿಲ್ಲ. ಅರ್ಧ ದಿನದ ಕೂಲಿ ಹೋದೀತು. ನನಗೆ ಗೊತ್ತು, ಅರ್ಧ ದಿನದ ಕೂಲಿ ನಮಗೆ ಸಣ್ಣದಲ್ಲ. ಆದರೆ ಆ ಅಕ್ಕ ಕಳಕೊಂಡದ್ದರ ಲೆಕ್ಕ ಇದರ ಮುಂದೆ ಇಟ್ಟು ನೋಡಿರಿ.

ಆ ಅಕ್ಕ ಇವತ್ತು ಈ ಕೂಟದಲ್ಲಿ ಕೂತಿದ್ದಾಳೆ. ಕೈ ಕೂಡಿದೆ, ಆದರೆ ಪೂರ್ತಿ ಚಾಚಲಿಕ್ಕೆ ಬರುವುದಿಲ್ಲ. ಅವಳ ಮುಂದೆಯೇ ಇದನ್ನು ಹೇಳಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಅಕ್ಕಾ, ಆ ದಿನ ನಾನು ಕೇಳಿಯೂ ಸುಮ್ಮನಿದ್ದೆ. ನನ್ನನ್ನು ಕ್ಷಮಿಸು. ಬರುವ ವಾರ ಗಾಡಿ ಬಂದಾಗ ನಾನು ಮೊದಲು ಮುಂದಿನ ಗಾಲಿಯ ಹತ್ತಿರ ನಿಲ್ಲುತ್ತೇನೆ. ವಹಿ ನನ್ನ ಚೀಲದಲ್ಲಿದೆ.

ದೇವರು ನಿಮ್ಮ ದುಡಿಮೆಯನ್ನೂ ನಿಮ್ಮ ಹೋಗುವಿಕೆ ಬರುವಿಕೆಗಳನ್ನೂ ಕಾಯಲಿ. ಆಮೆನ್.